ಇಲ್ಲೇ ನಿಂತದರಿ

ಗಂಟಲಲ್ಲ, ಎನ್ನುತ್ತಾಳೆ ಚಂದ್ರಭಾಗಾ ಹತ್ತೂರೆ,
ಎದೆಯ ನಡುವೆ ಬೆರಳೂರಿ:
'ಇಲ್ಲೇ ನಿಂತದರಿ. ಕೆಳಗ ಹೋಗವಲ್ದು.'

ಸೊಲ್ಲಾಪುರದ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನ ಎಕ್ಸ್-ರೇ ಕೋಣೆ.
ಚೀಟಿ ಮರಾಠಿಯಲ್ಲಿ, ವಯಸ್ಸು ಅಂದಾಜಿನಲ್ಲಿ,
ಅವಳ ತೊಂದರೆ ಕನ್ನಡದಲ್ಲಿ.
ಅದಕ್ಕೇ ನನ್ನ ಪಾಳಿಗೆ ಹಾಕಿದ್ದಾರೆ.

ಸೀರೆಯಂಗಡಿಯ ಚೀಲದಲ್ಲಿ ನಾಲ್ಕು ವರ್ಷದ ಕಾಗದ.
ಗ್ಯಾಸು ಅಂದವರು,
ಎದೆಗೆ ತಂತಿ ಅಂಟಿಸಿ ಹೃದಯ ಸರಿಯಿದೆ ಅಂದವರು,
ರಾತ್ರಿಯ ಕೆಮ್ಮು ಕೇಳಿ
ಆರು ತಿಂಗಳು ಟೀಬಿ ಮಾತ್ರೆ ನುಂಗಿಸಿದವರು
(ಅವನ್ನೂ ನುಂಗಬೇಕಿತ್ತಲ್ಲ!).
ಒಬ್ಬರು ಬರೆದದ್ದು ನಿದ್ದೆಗುಳಿಗೆ:
ಮನಸ್ಸಿನದು, ಗಂಡ ಹೋದಮೇಲೆ ಹೀಗಾಗುತ್ತದೆ.
ಗಂಡ ಹೋಗಿ ಹನ್ನೊಂದು ವರ್ಷ
ಎಂದು ಅವಳು ಹೇಳಿದ್ದು
ಯಾವ ಕಾಗದದಲ್ಲೂ ಇಲ್ಲ.
ಕೊಳವೆ ಇಳಿಸಿ ನೋಡಿದವರಿಗೆ ಕಂಡದ್ದು
ಗುಲಾಬಿ ಗೋಡೆ, ನಿನ್ನೆಯ ನಾಲ್ಕು ಅಗಳು.
ಕೆಳಗೆ ಬರೆದಿದೆ: ನಾರ್ಮಲ್.

ಅವಳ ಕಸುಬು ರೊಟ್ಟಿ.
ಅಕ್ಕಲಕೋಟ ನಾಕಾದ ಆಚೆ ಎರಡು ಒಲೆ,
ದಿನಕ್ಕೆ ಇನ್ನೂರು ಖಡಕ್ ರೊಟ್ಟಿ ಬಡಿದು
ಡಜನ್ನಿನ ಲೆಕ್ಕದಲ್ಲಿ ಪುಣೆಯ ಬಸ್ಸಿಗೆ.
ತನಗೆ ಅರ್ಧ ರೊಟ್ಟಿ, ಹಾಲಿನಲ್ಲಿ ನೆನೆಸಿ.
ತುತ್ತಿಗೊಂದು ಲೋಟ ನೀರು,
ಎದ್ದು ನಿಂತು, ಭುಜ ಹಿಂದಕ್ಕೊಗೆದು,
'ಹಂಗ ಮಾಡಿದ್ರ ಒಮ್ಮೊಮ್ಮೆ ಇಳೀತದ.'
ಮದುವೆಮನೆಯಲ್ಲಿ ಉಪವಾಸ ಅನ್ನುತ್ತಾಳೆ.
ತೂಕ ಇಪ್ಪತ್ತೆರಡು ಕಿಲೋ ಇಳಿದಿದೆ.
ಇಳಿದದ್ದು ಅದೊಂದೇ.

'ಇದೇನ್ರಿ, ಸುಣ್ಣದ ನೀರಾ?'
ಬೇರಿಯಂ ಅವ್ವ. ಬಾಯಲ್ಲಿ ಹಿಡಿ.
ನಾನು ಅಂದಾಗ ನುಂಗು.
ದೀಪ ಆರಿಸಿದೆ.

ಪರದೆಯ ಮೇಲೆ ಬಿಳುಪು ಇಳಿಯಿತು, ನಿಂತಿತು,
ಅಗಲವಾಯಿತು. ತುದಿಯಲ್ಲಿ ಮಾತ್ರ ಚೂಪು.
ಪುಸ್ತಕದಲ್ಲಿ ಇದಕ್ಕೆ ಹಕ್ಕಿಯ ಕೊಕ್ಕು ಎನ್ನುತ್ತಾರೆ.
ನನಗೆ ಕಂಡದ್ದು
ಬಾಯಿ ಬಿಗಿದು ತಲೆಕೆಳಗು ಹಿಡಿದ ಜೋಳದ ಚೀಲ.

'ಗಂಟ ಯಾರ ಹಾಕ್ಯಾರ?'
ಯಾರೂ ಇಲ್ಲವ್ವ.
ಬಾಗಿಲು ತೆಗಿ ಅಂತ ಹೇಳೋ ನರ ಸತ್ತಾವ.
ಬಾಗಿಲಿಗೆ ಅದು ಗೊತ್ತಿಲ್ಲ.

ಒಳಗಿನ ಒತ್ತಡ ಅಳೆಯುವ ಯಂತ್ರ ಪುಣೆಯಲ್ಲಿ,
ಅವಳ ರೊಟ್ಟಿ ದಿನಾ ಹೋಗುವ ಊರಲ್ಲಿ.
ಹೋಗಲೇಬೇಕು ಅಂದರು ಡಾಕ್ಟರ್ ವಾಘಮಾರೆ,
ಗಡ್ಡೆಯೊಂದು ಹೀಗೇ ವೇಷ ಹಾಕಿ ಕೂತಿರಬಹುದು.
ಎರಡು ದಿನ ಅಂದರೆ ನಾನೂರು ರೊಟ್ಟಿ, ಅಂದಳು.
ಕೊನೆಗೆ ಅದೇ ಬಸ್ಸಿನಲ್ಲಿ ಹೋದಳು,
ಮಡಿಲಲ್ಲಿ ಆರು ಡಜನ್ ಕಟ್ಟಿಕೊಂಡು.

ಗಡ್ಡೆ ಇರಲಿಲ್ಲ.

ಆಪರೇಶನ್ ಬಗ್ಗೆ ನೀನೇ ಹೇಳು, ಅಂದರು ಡಾಕ್ಟರು.
ಹೊರಗಿನ ಸ್ನಾಯು ಸೀಳಬೇಕು,
ಒಳಗಿನ ಪೊರೆಗೆ ಕತ್ತರಿ ತಾಗಬಾರದು.
ನಾನು ಪದ ಹುಡುಕುತ್ತಿದ್ದೆ, ಅವಳಿಗೆ ಸಿಕ್ಕಿತ್ತು:
'ರೊಟ್ಟಿ ಉಬ್ಬಿದಾಗ ಮ್ಯಾಲಿನ ಪದರಷ್ಟ ಬಿಡಸ್ತೀವಲ್ಲ,
ಹಂಗೇನು?'
ಹಾಗೇ.
'ಕೈ ಹಗುರ ಇರಬೇಕಂತ ಹೇಳ್ರಿ ಅವರಿಗೆ.'
ಮರಾಠಿಯಲ್ಲಿ ಹೇಳಿದೆ. ಡಾಕ್ಟರು ನಗಲಿಲ್ಲ,
ತಮ್ಮ ಕೈ ನೋಡಿಕೊಂಡರು.

ಆಮೇಲೆ ನನಗಷ್ಟೇ ಅಂದರು:
ಕೂದಲೆಳೆ ಹೆಚ್ಚಾದರೆ ತೂತು, ಎದೆಯೊಳಗೆ ಕೀವು.
ಕಡಿಮೆಯಾದರೆ ಮತ್ತೆ ಅದೇ ಗಂಟು.
ಪೂರ್ತಿ ಸಡಿಲಿಸಿದರೆ ಹೊಟ್ಟೆಯ ಹುಳಿ ಮೇಲೇರಿ
ಜೀವನವಿಡೀ ಸುಡುತ್ತದೆ.
ಹೊಟ್ಟೆಯ ಮಡಿಕೆಯೊಂದನ್ನು ಎಳೆದು ಹೊದಿಸುತ್ತೇನೆ, ಆದರೂ.

ಆ 'ಆದರೂ' ಎಂಬುದನ್ನು ಅವಳಿಗೆ ಹೇಳಬೇಕಿತ್ತು.
ನುಂಗಿಕೊಂಡೆ.
ಸಲೀಸಾಗಿ ಇಳಿಯಿತು.

ಮೂರನೆಯ ದಿನ ಮತ್ತೆ ಅದೇ ಕತ್ತಲು.
ಈ ಸಲ ಬೇರೆ ದ್ರವ, ನೀರಿನಷ್ಟು ತೆಳು,
ಸೋರಿದರೂ ಕೆಡುಕು ಕಡಿಮೆ.
ಅವಳು ಕಣ್ಣು ಮುಚ್ಚಿ ನುಂಗಿದಳು,
ನಾನು ಉಸಿರು ಹಿಡಿದು ಅಂಚುಗಳನ್ನು ನೋಡಿದೆ.
ಕೊಕ್ಕು ತೆರೆದಿತ್ತು.
ಮೇಲಿನ ಚೀಲ ಜೋತುಬಿದ್ದೇ ಇತ್ತು,
ಸತ್ತ ನರ ಎದ್ದುಬರುವುದಿಲ್ಲ,
ಇನ್ನು ಮುಂದೆಯೂ ನೀರೇ ತಳ್ಳಬೇಕು.
ಆದರೆ ಹೋಯಿತು.

'ರೊಟ್ಟಿ?'
ಸದ್ಯ ಗಂಜಿ ಅವ್ವ. ರೊಟ್ಟಿ ಡಾಕ್ಟರು ಹೇಳಿದಮೇಲೆ.
'ಮತ್ತ ಈಗ ಎಲ್ಲಿ ಅದ ಅದು?'
ಬೆರಳು ತಾನಾಗಿ ಎದೆಯ ನಡುವಿಗೆ ಹೋಯಿತು,
ನಾಲ್ಕು ವರ್ಷದ ಚಾಳಿ,
ಅಲ್ಲಿ ಒಂದಿಷ್ಟು ತಡಕಾಡಿತು.